ಕೊಟ್ಟು ಬಾ

ಮುಳಬಾಗಿಲು ಪೇಟೆಯಲ್ಲಿ ಹುಣಸೆಹಣ್ಣಿನ ಮಂಡಿ ಇಟ್ಟಿದ್ದ ಸುಬ್ಬರಾಯಪ್ಪನ ಬಾಯಿಂದ ಒಂದು ಪೂರಾ ಮಾತು ಹೊರಡಬೇಕಾದರೆ ಎದುರಿಗೆ ಅಮಲ್ದಾರರೇ ಬಂದು ನಿಲ್ಲಬೇಕಾಗಿತ್ತು. ಮಿಕ್ಕವರಿಗೆಲ್ಲ ಅರ್ಧ ಮಾತು, ಇಲ್ಲವೇ ಒಂದು ಹೂಂಕಾರ. ಕೂಲಿಯವರಿಗೆ ಗದ್ದ ಅಲ್ಲಾಡಿಸಿದರೆ ಮುಗಿಯಿತು. ಮಾತು ಖರ್ಚು ಮಾಡಿದರೆ ಮನೆ ದಿವಾಳಿಯಾಗುತ್ತದೆ ಎಂದು ಈ ಪುಣ್ಯಾತ್ಮನಿಗೆ ಯಾರು ಹೇಳಿಕೊಟ್ಟಿದ್ದರೋ ಕಾಣೆ. ಮನೆಮಾತು ತೆಲುಗು. ಹೆಂಡತಿ ಶಾಮಲಮ್ಮನ ಹತ್ತಿರ, ದೇವರ ಹತ್ತಿರ, ನಾಯಿಯ ಹತ್ತಿರ ಅದೇ ಮಾತು. ಆದರೆ ಪುರಸಭೆಗೆ ಮೆಂಬರ್ ಆದ ಮೇಲೆ ಹೊಸ್ತಿಲು ದಾಟಿದರೆ ಕನ್ನಡ ಬಿಟ್ಟು ಬೇರೆ ಮಾತಿಲ್ಲ. ಕೂಲಿಯವನ ಜೊತೆ ಮನೆಮಾತು ಆಡಿದರೆ ಅವನಿಗೆ ಸಲುಗೆ ಬೆಳೆದು ತಲೆಯ ಮೇಲೆ ಕೂರುತ್ತಾನೆ ಎಂದು ಬಲವಾಗಿ ನಂಬಿದ್ದ.

ಮಂಡಿಯ ಕೂಲಿಗಳಲ್ಲಿ ಮುಕ್ಕಾಲು ಪಾಲು ಪುಂಗನೂರಿನ ಕಡೆಯಿಂದ ಬೇಸಿಗೆಗೆ ಬರುವ ತೆಲುಗರು. ಹುಣಸೆಹಣ್ಣನ್ನು ಬಿಸಿಲಿಗೆ ಹರವಿ, ಮರದ ಕೊಡತಿಯಿಂದ ಬಡಿದು ಬೀಜ ಬಿಡಿಸುವುದು ಅವರ ಕೆಲಸ. ಅವರಿಗೂ ಧಣಿಗೂ ನಡುವೆ ಮೇಸ್ತ್ರಿ ಆಂಜಿನಪ್ಪ ಇದ್ದ. ಧಣಿ ಕನ್ನಡದಲ್ಲಿ ಒಂದು ತುಂಡು ಮಾತು ಎಸೆದರೆ ಆಂಜಿನಪ್ಪ ಅದನ್ನು ಹೆಕ್ಕಿಕೊಂಡು, ತೆಲುಗಿನಲ್ಲಿ ತಲೆ ಬಾಲ ಸೇರಿಸಿ ಅವರಿಗೆ ಮುಟ್ಟಿಸುತ್ತಿದ್ದ. ಹೊತ್ತು ಹುಟ್ಟಿದಾಗಿನಿಂದ ಮುಳುಗುವವರೆಗೆ ಅವನು "ಕೊಟ್ಟು, ಕೊಟ್ಟು" ಎಂದು ಕೂಗುವುದು ಬೀದಿಗೆಲ್ಲ ಕೇಳುತ್ತಿತ್ತು. ತೆಲುಗಿನಲ್ಲಿ ಕೊಟ್ಟು ಎಂದರೆ ಬಡಿ, ಹೊಡಿ.

ಇಂಥ ಮೂಗ ಧಣಿ ಬಾಯಿ ತುಂಬ ಮಾತಾಡುತ್ತಿದ್ದದ್ದು ತನ್ನ ನಾಯಿಯ ಜೊತೆ ಮಾತ್ರ. ಕೋಲಾರದ ಚಿನ್ನದ ಗಣಿಯಲ್ಲಿದ್ದ ಒಬ್ಬ ದೊರೆ ತನ್ನ ದೇಶಕ್ಕೆ ಹೊರಟಾಗ ಬಿಟ್ಟುಹೋದ ಮರಿ ಅದು. ಬೆಳೆದು ಕರುವಿನ ಎತ್ತರವಾಗಿತ್ತು, ಮೈಯೆಲ್ಲ ಕರಿ. ಹೆಸರು ಸಿಪಾಯಿ. ಮಕ್ಕಳಿಲ್ಲದ ಮನೆ, ಸುಬ್ಬರಾಯಪ್ಪ ತನ್ನ ತಟ್ಟೆಯ ಮುದ್ದೆ ಮುರಿದು ಅದರ ಬಾಯಿಗೆ ಇಡುತ್ತಿದ್ದ. "ಏಂ ನಾಯನಾ, ತಿಂಟಾವಾ," ಏನು ಮಗನೇ, ತಿಂತೀಯಾ ಎಂದು ಕೇಳುತ್ತಿದ್ದ. ಗಂಡ ತನ್ನನ್ನು ಒಂದು ದಿನವೂ ಹಾಗೆ ಕೇಳಲಿಲ್ಲವಲ್ಲ ಎಂದು ಶಾಮಲಮ್ಮ ಒಲೆಯ ಮುಂದೆ ಗೊಣಗಿಕೊಳ್ಳುತ್ತಿದ್ದಳು. ಅವಳು ಹೇಳುವುದೂ ಸುಳ್ಳಲ್ಲ.

ಆ ಬೀದಿಯಲ್ಲಿ ಎರಡು ಗಾಡಿ ಎದುರಾದರೆ ಒಂದು ಯಾರದಾದರೂ ಜಗಲಿ ಹತ್ತಬೇಕು. ಅಂಥ ಇಕ್ಕಟ್ಟಿನಲ್ಲಿ ಬಾಳುವುದಕ್ಕೆ ಒಂದು ರೀತಿ ರಿವಾಜು ಬೆಳೆದಿತ್ತು. ಎಮ್ಮೆ ಹೊಡೆದುಕೊಂಡು ಬರುವವನು "ಪಕ್ಕಕ್ಕೆ, ಪಕ್ಕಕ್ಕೆ" ಎಂದು ಕೂಗಬೇಕು. ಮುಸುರೆ ನೀರು ಚೆಲ್ಲುವವಳು ಬಗ್ಗಿ ನೋಡಿ ಚೆಲ್ಲಬೇಕು. ಹೆಂಗಸರು ಸೇದುವ ಬಾವಿಗೆ ಹೊರಡುವ ಹೊತ್ತಿಗೆ ನಾಯಿ ಸಾಕಿದವರು ನಾಯಿ ಕಟ್ಟಬೇಕು. ಯಾರೂ ಬರೆದಿಟ್ಟದ್ದಲ್ಲ, ಆದರೆ ಎಲ್ಲರೂ ನಡೆಸಿಕೊಂಡು ಬಂದದ್ದು. ಸುಬ್ಬರಾಯಪ್ಪ ಮಾತ್ರ ಕಟ್ಟುತ್ತಿರಲಿಲ್ಲ. ಸಿಪಾಯಿ ಬಾವಿಕಟ್ಟೆಯ ಬಾಯಿಗೇ ಅಡ್ಡ ಮಲಗುತ್ತಿತ್ತು. ತುಂಬಿದ ಕೊಡ ಹೊತ್ತ ಹೆಂಗಸರು ಸುತ್ತು ಹಾಕಿಕೊಂಡು, ಗೋಡೆಗೆ ಮೈ ಒರೆಸಿಕೊಂಡು ಹೋಗಬೇಕು. ಬೆಳಿಗ್ಗೆ ಎದ್ದು ಹಾಕಿದ ರಂಗವಲ್ಲಿಯ ನಡುವೆ ಅದು ಕೂತು ಎದ್ದು ಹೋದದ್ದನ್ನು ಬಳಿಯಬೇಕು.

ಎದುರು ಮನೆಯ ಚಿಕ್ಕಗಂಗಮ್ಮ ಪುರಿ ಹುರಿದು ಮಾರುವವಳು. ಗಂಡ ಸತ್ತು ವರ್ಷಗಳಾಗಿದ್ದವು, ದರ್ಜಿ ತಮ್ಮ ಅಶ್ವತ್ಥಪ್ಪ ಜೊತೆಯಲ್ಲಿದ್ದ. ಅವಳ ನಾಲಗೆಗೆ ಇಡೀ ಬೀದಿ ಹೆದರುತ್ತಿತ್ತು. ಆದರೂ ಮೊದಲು ಅವಳು ಮರ್ಯಾದೆಯಾಗಿಯೇ ಹೇಳಿದಳು. "ಸ್ವಾಮಿ, ನೀರಿನ ಹೊತ್ನಾಗೆ ಒಂದು ಗಳಿಗೆ ಕಟ್ಟಾಕ್ಕೊಳಿ, ಪುಣ್ಯ ಬರ್ತದೆ."

"ಬೀದಿ ಪುರಸಭೇದು," ಎಂದ ಸುಬ್ಬರಾಯಪ್ಪ. ಅಷ್ಟೇ. ಮುಂದಿನ ಮಾತನ್ನು ಬಾಗಿಲು ಆಡಿತು.

ಚಿಕ್ಕಗಂಗಮ್ಮ ಬಿಡುವ ಪೈಕಿಯೇ? ಮಾರನೆಯ ದಿನ ಸಿಪಾಯಿ ಅವಳ ಪುರಿಯ ಬುಟ್ಟಿಗೆ ಮೂತಿ ಹಾಕಿದಾಗ, ಬಾಣಲೆಯಲ್ಲಿ ಕಾದಿದ್ದ ಮರಳನ್ನು ಸೌಟಿನಲ್ಲಿ ಮೊಗೆದು ಅದರ ಬೆನ್ನಿಗೆ ಎರಚಿದಳು. ನಾಯಿ ಬೀದಿಯ ತುದಿಯವರೆಗೆ ಊಳಿಟ್ಟುಕೊಂಡು ಓಡಿತು. ಸುಬ್ಬರಾಯಪ್ಪ ಮಂಡಿಯಿಂದ ಎದ್ದು ಬಂದವನೇ ಒಂದು ಮಾತೂ ಆಡದೆ ಅವಳ ಒಲೆಗೆ ಒದ್ದ. ಬಾಣಲೆ ಮಗುಚಿ ಕಾದ ಮರಳು ಅವಳ ಪಾದದ ಮೇಲೆ ಬಿತ್ತು. ಅಂದಿನಿಂದ ಆ ಬೀದಿಯಲ್ಲಿ ನಯ ವಿನಯದ ಕಥೆ ಮುಗಿಯಿತು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ, ನೋಡಿದರೆ ಉಗಿಯುತ್ತಿದ್ದರು.

ಯುಗಾದಿ ಹತ್ತಿರವಾಗಿತ್ತು, ಮೂವತ್ತೇಳನೆಯ ಇಸವಿ ಇರಬೇಕು. ಚಿಕ್ಕಗಂಗಮ್ಮ ಕುಂಟುತ್ತ ಬಾವಿಯಿಂದ ಬರುತ್ತಿದ್ದಳು. ಸಿಪಾಯಿಗೆ ಆ ಸೌಟಿನ ಕೈ ನೆನಪಿತ್ತೋ ಏನೋ, ಹಿಂದಿನಿಂದ ಬಂದು ಅವಳ ಮೀನಖಂಡಕ್ಕೆ ಬಾಯಿ ಹಾಕಿತು. ಕೊಡ ಒಡೆಯಿತು, ಅವಳು ನೆಲಕ್ಕೆ ಬಿದ್ದಳು, ನಾಯಿ ಬಿಡಲಿಲ್ಲ. ಅಕ್ಕನ ಕೂಗು ಕೇಳಿ ಅಶ್ವತ್ಥಪ್ಪ ಹೊಲಿಗೆ ಮಿಷನ್ನು ಬಿಟ್ಟು ಒನಕೆ ಹಿಡಿದು ಬಂದ. ಸುಬ್ಬರಾಯಪ್ಪನೂ ಓಡಿ ಬಂದ. ಬಂದವನು ನಾಯಿಯ ಕತ್ತಿನ ಪಟ್ಟಿ ಹಿಡಿದು ಎಳೆಯಬಾರದಾಗಿತ್ತೇ? ಎಳೆಯಲಿಲ್ಲ. ನಾಯಿಗೂ ಒನಕೆಗೂ ನಡುವೆ ಹೋಗಿ ನಿಂತ. ಒನಕೆಯ ಏಟು ಅವನ ಹಣೆಗೇ ಬಿತ್ತು. ಧಣಿಯ ರಕ್ತ ಕಂಡ ಸಿಪಾಯಿ ಚಿಕ್ಕಗಂಗಮ್ಮನನ್ನು ಬಿಟ್ಟು ಅಶ್ವತ್ಥಪ್ಪನ ಬಲಗೈ ಕಚ್ಚಿ ಹಿಡಿದು ಜಗ್ಗಿತು. ಬಿಡಿಸಿಕೊಳ್ಳುವ ಹೊತ್ತಿಗೆ ಅವನ ತೋರುಬೆರಳು ಚರ್ಮದಲ್ಲಿ ನೇತಾಡುತ್ತಿತ್ತು. ದರ್ಜಿಯವನ ಬೆರಳು. ಅದರಲ್ಲೇ ಅವರ ಮನೆಯ ಅನ್ನ ಇದ್ದದ್ದು.

ಸಂಜೆ ಬೀದಿಯವರೆಲ್ಲ ದೊಣ್ಣೆ ಹಿಡಿದುಕೊಂಡೇ ಮಂಡಿಯ ಮುಂದೆ ಸೇರಿದರು. ಕೈಗೆ ಬಟ್ಟೆ ಸುತ್ತಿಕೊಂಡಿದ್ದ ಅಶ್ವತ್ಥಪ್ಪ ಕೂಗಾಡಲಿಲ್ಲ, ತಣ್ಣಗೆ ಹೇಳಿದ. ನಾಳೆ ಹೊತ್ತು ಮುಳುಗುವುದರೊಳಗೆ ಆ ನಾಯಿ ಬೀದಿಯಲ್ಲಿ ಇರಕೂಡದು. ಇದ್ದರೆ ನಾವೇ ಮನೆಗೆ ನುಗ್ಗಿ ಬಡಿದು ಹಾಕುತ್ತೇವೆ, ಅಡ್ಡ ಬಂದರೆ ಧಣಿಗೂ ಅದೇ ಗತಿ. ಸುಬ್ಬರಾಯಪ್ಪನಿಗೆ ಇವರು ಬರಿ ಬಾಯಿಮಾತಿನವರಲ್ಲ ಎಂದು ಅರ್ಥವಾಯಿತು. ಭಯ ಹುಟ್ಟಿತು. ತನ್ನ ಸಲುವಾಗಿ ಅಲ್ಲ, ಸಿಪಾಯಿಯ ಸಲುವಾಗಿ. ರಾತ್ರಿ ಅದನ್ನು ಮಂಚದ ಕಾಲಿಗೆ ಕಟ್ಟಿ ತಾನು ಪಕ್ಕದಲ್ಲೇ ನೆಲದ ಮೇಲೆ ಮಲಗಿದ.

ಬೈರಕೂರಿನಲ್ಲಿ ಅವನ ಅಕ್ಕ ಭಾರತಮ್ಮನ ಮಾವಿನ ತೋಪಿತ್ತು. ಅಲ್ಲಿ ಕಾವಲಿಗೆ ನಾಯಿ ಬೇಕು ಎಂದು ಅವಳೇ ಒಮ್ಮೆ ಕೇಳಿದ್ದಳು. ಅಲ್ಲಿಗೆ ಕಳಿಸಿಬಿಟ್ಟರೆ ಜೀವ ಉಳಿಯುತ್ತದೆ. ಆಗಾಗ ಹೋಗಿ ನೋಡಿಕೊಂಡು ಬಂದರಾಯಿತು ಎಂದು ಬೆಳಗಿನ ಜಾವಕ್ಕೆ ಗಟ್ಟಿ ಮಾಡಿಕೊಂಡ. ತಾನೇ ಹೋಗಬಹುದಾಗಿತ್ತು. ಆದರೆ ಹಣೆ ಊದಿ ಜ್ವರ ಏರಿತ್ತು. ಅದಕ್ಕಿಂತ ಹೆಚ್ಚಾಗಿ, ಸೋತವನ ಹಾಗೆ ನಾಯಿ ಹಿಡಿದುಕೊಂಡು ಆ ಜನರ ಎದುರು ನಡೆದು ಹೋಗುವುದಕ್ಕೆ ಅವನ ಜಂಬ ಬಿಡಲಿಲ್ಲ. ಆಂಜಿನಪ್ಪ ಮಾಲಿನ ಗಾಡಿಗಳನ್ನು ಕರೆತರಲು ನಂಗಲಿಗೆ ಹೋಗಿದ್ದ. ಅಂಗಳದಲ್ಲಿ ಹಣ್ಣು ಬಡಿಯುತ್ತಿದ್ದವರಲ್ಲಿ ಕೂಗಿದಾಗ ಬೇಗ ಎದ್ದು ಬಂದವನು ರೆಡ್ಡೆಪ್ಪ.

ರೆಡ್ಡೆಪ್ಪ ಆ ವರ್ಷವೇ ಹೊಸದಾಗಿ ಗಡಿ ದಾಟಿ ಬಂದವನು. ಬಾ, ಹೋಗು, ನೀರು, ಊಟ ಇಷ್ಟು ಕನ್ನಡ ಕಲಿತಿದ್ದ. ಹೇಳಿದ ಕೆಲಸ ಮಾಡುವವನು, ಇಲ್ಲ ಎನ್ನುವುದು ಗೊತ್ತಿಲ್ಲ. ಕೊಡತಿ ಕೈಯಲ್ಲಿ ಹಿಡಿದುಕೊಂಡೇ ಬಂದು ಬಾಗಿಲ ಹೊರಗೆ ನಿಂತ. ಶಾಮಲಮ್ಮ ನಾಯಿಯ ಸರಪಳಿಯನ್ನು ಅವನ ಕೈಗೆ ಕೊಟ್ಟಳು. ಸಿಪಾಯಿ ಹೊರಗೆ ಹೋಗುವ ಖುಷಿಯಲ್ಲಿ ಕುಣಿಯುತ್ತಿತ್ತು. ಸುಬ್ಬರಾಯಪ್ಪನಿಗೆ ಅದನ್ನು ನೋಡಲು ಆಗಲಿಲ್ಲ. ಕಣ್ಣು ತುಂಬಿತ್ತು. ಕೂಲಿಯವನು ಅದನ್ನು ನೋಡಬಾರದು ಎಂದು ಗೋಡೆಯ ಕಡೆ ತಿರುಗಿಕೊಂಡ.

"ಬೈರಕೂರು ತೋಪು. ಕೊಟ್ಟು ಬಾ."

ರೆಡ್ಡೆಪ್ಪ ಕದಲಲಿಲ್ಲ. ಅವನಿಗೆ ತೋಪು ಅರ್ಥವಾಗಿತ್ತು, ಅದು ಎರಡೂ ಮಾತಿನಲ್ಲಿ ಒಂದೇ. ಬಾ ಅರ್ಥವಾಗಿತ್ತು. ನಡುವಿನದು ದಿನವಿಡೀ ಆಂಜಿನಪ್ಪನ ಬಾಯಿಂದ ಕಿವಿಗೆ ಬೀಳುವ ಮಾತೇ. ಆದರೂ ಅನುಮಾನವಾಗಿ "ಸಾಮೀ?" ಎಂದು ಕೇಳಿದ.

"ಕೊಟ್ಟು ಬಾ ಅಂದ್ನಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಇಲ್ಲಿ ಆಡದೆ ಉಳಿಸಿಕೊಂಡ ಮಾತಿನಿಂದ ಹೋಯಿತು. ಅಕ್ಕನ ಕೈಗೆ ಎಂದು ಒಂದೇ ಒಂದು ಮಾತು ಸೇರಿಸಿದ್ದರೆ, ಇಲ್ಲ, ನಾಯಿಗೆ ಆಡುವ ಮಾತನ್ನೇ ಈ ಮನುಷ್ಯನಿಗೂ ಆಡಿದ್ದರೆ ಅವನ ಗಂಟೇನು ಹೋಗುತ್ತಿತ್ತು? ರೆಡ್ಡೆಪ್ಪ ನಿನ್ನೆಯ ರಕ್ತ ಕಂಡಿದ್ದ, ಬಡಿದು ಹಾಕುತ್ತೇವೆ ಎಂದು ಜನ ದೊಣ್ಣೆ ಎತ್ತಿದ್ದನ್ನೂ ಕಂಡಿದ್ದ. ಧಣಿ ಅಳುತ್ತಿರುವುದೂ ಅವನಿಗೆ ಕಾಣದೆ ಇರಲಿಲ್ಲ. ಇನ್ನು ಅನುಮಾನಕ್ಕೆ ಜಾಗವೆಲ್ಲಿ? ಸರಪಳಿ ಒಂದು ಕೈಯಲ್ಲಿ, ಕೊಡತಿ ಇನ್ನೊಂದು ಕೈಯಲ್ಲಿ ಹಿಡಿದು ಹೊರಟ. ಕೊಡತಿ ಯಾಕೆ ಎಂದು ಶಾಮಲಮ್ಮ ಕೇಳಲಿಲ್ಲ. ದಾರಿಯಲ್ಲಿ ಬೀದಿನಾಯಿಗಳು ಮೇಲೆ ಬಿದ್ದರೆ ಇರಲಿ ಎಂದುಕೊಂಡಳು.

ಬೈರಕೂರಿಗೆ ಹೋಗಿ ಬರುವುದೆಂದರೆ ಒಂದು ಹಗಲಿನ ಕೆಲಸ. ಸುಬ್ಬರಾಯಪ್ಪ ಮಧ್ಯಾಹ್ನದ ಊಟ ಬೇಡವೆಂದು ಮಂಡಿಯ ಬಾಗಿಲಿಗೆ ಬಂದಾಗ ರೆಡ್ಡೆಪ್ಪ ಆಗಲೇ ಅಂಗಳದಲ್ಲಿ ಕೂತು ಹಣ್ಣು ಬಡಿಯುತ್ತಿದ್ದ. ಬರಿ ಸರಪಳಿ ಅವನ ಪಕ್ಕದಲ್ಲಿ ಬಿದ್ದಿತ್ತು. ಬೈರಕೂರಿನ ದಾರಿಯಲ್ಲಿ, ಊರಾಚೆಗೇ ಸಿಗುವ ಮೊದಲನೆಯ ತೋಪೇ ಧಣಿ ಹೇಳಿದ ತೋಪು ಎಂದು ಅವನು ತಿಳಿದಿದ್ದ.

ಇಷ್ಟು ಬೇಗ ಹೇಗೆ ಬಂದೆ, ಸಿಪಾಯಿ ಎಲ್ಲಿ ಎಂದು ಸುಬ್ಬರಾಯಪ್ಪ ಕೇಳಿದ. ರೆಡ್ಡೆಪ್ಪ ಎದ್ದು ನಿಂತು, ತಲೆ ತಗ್ಗಿಸಿ ಹೇಳಿದ. "ಕೊಟ್ಟೇಸಿನಾನು ಸಾಮಿ."

ಮೊದಲು ಅದು ಕನ್ನಡದ ಕಿವಿಗೆ ಕೇಳಿಸಿತು. ಕೊಟ್ಟೆ ಎನ್ನುತ್ತಿದ್ದಾನೆ, ಸದ್ಯ, ದಾರಿಯಲ್ಲೇ ಅಕ್ಕನ ಮನೆಯವರು ಯಾರಾದರೂ ಸಿಕ್ಕಿರಬೇಕು ಎಂದು ಒಂದು ಉಸಿರು ಬಿಟ್ಟ. ಆಮೇಲೆ ಕಣ್ಣು ಕೊಡತಿಯ ಮೇಲೆ ಹೋಯಿತು. ಹುಣಸೆಯ ಅಂಟಿನಲ್ಲಿ ಕರಿಕೂದಲು ಹತ್ತಿಕೊಂಡಿತ್ತು. ಆಗ ಅದೇ ಮಾತು ತಾಯಿಯ ಮಾತಾಗಿ ಕೇಳಿಸಿತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಸುಬ್ಬರಾಯಪ್ಪ ಕೊಡತಿಯನ್ನು ಕಿತ್ತುಕೊಂಡು ರೆಡ್ಡೆಪ್ಪನ ಭುಜಕ್ಕೆ ಹೊಡೆದ. ಬಿದ್ದವನ ಬೆನ್ನಿಗೆ ಹೊಡೆದ. ಮುಖಕ್ಕೆ ಬರುವ ಏಟು ತಡೆಯಲು ಅವನು ಎಡಗೈ ಎತ್ತಿದ, ಮೊಣಕೈ ಕೆಳಗೆ ಮೂಳೆ ಮುರಿದ ಸದ್ದು ಅಂಗಳದಲ್ಲಿದ್ದವರಿಗೆಲ್ಲ ಕೇಳಿಸಿತು. "ಮೀರೇ ಗದ ಸಾಮಿ ಕೊಟ್ಟಮನ್ನಾರು," ನೀವೇ ಅಲ್ಲವೇ ಹೊಡಿ ಎಂದದ್ದು ಎಂದು ಅವನು ಅಂಗಲಾಚಿದ. ಆಮೇಲೆ ಅದೂ ಹೋಗಿ "ಕೊಟ್ಟೊದ್ದು ಸಾಮಿ, ಕೊಟ್ಟೊದ್ದು" ಎಂಬುದೊಂದೇ ಉಳಿಯಿತು. ಹೊಡೆಯಬೇಡಿ ಎಂದು. ಈ ಸಲ ಮಾತು ಅರ್ಥವಾಗಲಿಲ್ಲ ಎಂದು ಹೇಳುವಂತಿರಲಿಲ್ಲ. ಸುಬ್ಬರಾಯಪ್ಪನಿಗೆ ಪ್ರತಿ ಅಕ್ಷರವೂ ಅರ್ಥವಾಯಿತು. ಅರ್ಥವಾಗುತ್ತಲೇ ಹೊಡೆದ.

ಬೀದಿಯವರೆಲ್ಲ ಬಂದು ನಿಂತರು. ನಾಯಿಯ ಮೇಲೆ ದೊಣ್ಣೆ ಎತ್ತಿ ಬಂದಿದ್ದ ಅದೇ ಜನ. ಧಣಿ ತನ್ನ ಕೂಲಿಯವನನ್ನು ಹೊಡೆಯುತ್ತಿದ್ದಾನೆ, ಅವರ ಮನೆಯ ವಿಷಯ, ನಡುವೆ ಹೋಗುವುದು ಸಭ್ಯತೆಯಲ್ಲ ಎಂದು ಎಲ್ಲರೂ ಸುಮ್ಮನೆ ನಿಂತಿದ್ದರು. ಥೂ, ಅಂಥ ಸಭ್ಯತೆಗೆ ಬೆಂಕಿ ಹಾಕ. ಚಿಕ್ಕಗಂಗಮ್ಮ ಒಬ್ಬಳೇ ಕಾಲು ಎಳೆದುಕೊಂಡು ಅಂಗಳಕ್ಕೆ ಬಂದಳು. ಬಿದ್ದವನಿಗೆ ಅಡ್ಡವಾಗಿ ನಿಂತಳು.

"ನಾಯಿಗಾದ್ರೆ ಹಲ್ಲಿತ್ತು ಸ್ವಾಮಿ," ಎಂದಳು. "ಇವನಿಗೆ ಏನೈತೆ ಅಂತ ಹಿಂಗೆ ಬಡೀತೀರಾ?"

ಸುಬ್ಬರಾಯಪ್ಪ ಅವಳ ಮೇಲೂ ಕೊಡತಿ ಎತ್ತಿದ. ಎತ್ತಿದ ಕೈ ಹಾಗೇ ಇಳಿಯಿತು. ಕೊಡತಿ ತಾನಾಗಿ ಜಾರಿ ಬಿತ್ತು. ಚಿಕ್ಕಗಂಗಮ್ಮ ರೆಡ್ಡೆಪ್ಪನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ, ಬೀದಿ ದಾಟಿಸಿ, ತನ್ನ ಜಗಲಿಯ ಮೇಲೆ ಮಲಗಿಸಿದಳು. ಅಶ್ವತ್ಥಪ್ಪ ಹೊಲಿಗೆಯ ತುಂಡುಬಟ್ಟೆಗಳನ್ನು ಒಂದೇ ಕೈಯಲ್ಲಿ ಹರಿದು ಹರಿದು ಅಕ್ಕನಿಗೆ ಕೊಟ್ಟ.

ಮಾರನೆಯ ಬೆಳಿಗ್ಗೆ ಹೆಂಗಸರು ರಂಗವಲ್ಲಿ ಹಾಕುವ ಹೊತ್ತಿಗೆ ಸಿಪಾಯಿ ವಾಪಸ್ಸು ಬಂತು. ಸತ್ತಿರಲಿಲ್ಲ. ಹಿಂಗಾಲು ಎಳೆದುಕೊಂಡು, ಬೀದಿಯುದ್ದಕ್ಕೂ ರಕ್ತದ ಗೀರು ಬಿಟ್ಟುಕೊಂಡು ತೆವಳಿ ಬಂತು. ಒಂದು ಕಣ್ಣು ಇರಲಿಲ್ಲ. ಕೆಳದವಡೆ ಮುರಿದು ಜೋತುಬಿದ್ದಿತ್ತು. ಕೊಡ ಹಿಡಿದ ಹೆಂಗಸರು ತಾವಾಗಿ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅದು ತನ್ನ ಬಾಗಿಲಿಗೆ ಬಂದು ಬಿದ್ದು, ಯಾರೂ ಕೇಳಲಾಗದ ಹಾಗೆ ಕಿರುಚತೊಡಗಿತು.

ಸುಬ್ಬರಾಯಪ್ಪ ನೀರು ಕುಡಿಸಲು ನೋಡಿದ, ನೀರು ದವಡೆಯಿಂದ ನೆಲಕ್ಕೆ ಸುರಿಯಿತು. ಮೈ ಮುಟ್ಟಿದರೆ ಕಿರುಚು ಇನ್ನೂ ಹೆಚ್ಚುತ್ತಿತ್ತು. ಅದು ಬದುಕುವುದಿಲ್ಲ ಎಂದು ಕುರುಡನಿಗೂ ಗೊತ್ತಾಗುತ್ತಿತ್ತು. ಯಾರಾದರೂ ಮುಗಿಸಿಬಿಡಿ ಎಂದು ಅವನು ಬೀದಿಗೆ ಬಂದು ಕೈಮುಗಿದು ಕೇಳಿದ. ಜನ್ಮದಲ್ಲಿ ಮೊದಲ ಸಲ ಆ ಬೀದಿಯವರಿಗೆ ಕೈಮುಗಿದದ್ದು. ಬಡಿದು ಹಾಕುತ್ತೇವೆ ಎಂದಿದ್ದವರೆಲ್ಲ ಒಬ್ಬೊಬ್ಬರಾಗಿ ಒಳಗೆ ಹೋದರು. ಅಶ್ವತ್ಥಪ್ಪ ತನ್ನ ಸುತ್ತಿದ ಕೈಯನ್ನು ನೋಡಿಕೊಂಡು, ತನ್ನಿಂದ ಆಗುವುದಿಲ್ಲ ಎಂದು ತಲೆಯಾಡಿಸಿದ.

ಕೊನೆಗೆ ಸುಬ್ಬರಾಯಪ್ಪ ಎದುರು ಜಗಲಿಯ ಹತ್ತಿರ ಹೋದ. ರೆಡ್ಡೆಪ್ಪ ಮುಖ ಬಾತು ಗೋಡೆಗೊರಗಿ ಕೂತಿದ್ದ. ಸುಬ್ಬರಾಯಪ್ಪ ಅವನ ಜೊತೆ ತೆಲುಗಿನಲ್ಲಿ ಮಾತಾಡಿದ. ಇನ್ನೂ ಸತ್ತಿಲ್ಲ ಕಣಪ್ಪ, ಯಾಕೆ ಸಾಯಲಿಲ್ಲ ಅದು ಎಂದು ಕೇಳಿದ. ಧಣಿಯ ಬಾಯಲ್ಲಿ ತನ್ನ ಮಾತು ಕೇಳಿ ರೆಡ್ಡೆಪ್ಪನಿಗೆ ಆಶ್ಚರ್ಯವಾಯಿತು. ಒಡೆದ ತುಟಿಯಲ್ಲಿ ನಿಧಾನವಾಗಿ ಹೇಳಿದ.

"ತೋಕ ಊಪಿಂದಿ ಸಾಮಿ. ಚೆಯ್ಯಿ ರಾಲೇದು."

ಕೊಡತಿ ಎತ್ತಿದಾಗ ಅದು ಬಾಲ ಅಲ್ಲಾಡಿಸಿತು, ಅವನಿಗೆ ಕೈ ಬರಲಿಲ್ಲ. ಕಣ್ಣು ಮುಚ್ಚಿಕೊಂಡು ಎಲ್ಲೆಲ್ಲಿಗೋ ಹೊಡೆದು, ಅಲುಗಾಡದೆ ಬಿದ್ದಾಗ ಸತ್ತಿತೆಂದು ಓಡಿ ಬಂದಿದ್ದ. ಕಿವಿಯ ಹಿಂದೆ ಒಂದೇ ಏಟು ಬಲವಾಗಿ ಹಾಕಬೇಕಾಗಿತ್ತು, ತಪ್ಪಾಯಿತು ಎಂದು ಅವನೇ ಧಣಿಯ ಕ್ಷಮೆ ಕೇಳಿದ.

ಸುಬ್ಬರಾಯಪ್ಪ ಅಂಗಳದಿಂದ ಕೊಡತಿ ತಂದ. ಶಾಮಲಮ್ಮ ಒಳಗೆ ಹೋಗಿ ಕಿವಿ ಮುಚ್ಚಿಕೊಂಡು ಕೂತಳು. ಅವನು ಸಿಪಾಯಿಯ ಪಕ್ಕ ಕೂತು ಹೆಸರು ಹಿಡಿದು ಕರೆದ. ಅಷ್ಟು ನೋವಿನಲ್ಲೂ ಅದರ ಬಾಲ ನೆಲಕ್ಕೆ ತಟ್ಟಿತು. ಅವನು ಕಣ್ಣು ಮುಚ್ಚಲಿಲ್ಲ. ಒಂದೇ ಏಟಿಗೆ ಆಗಲೂ ಇಲ್ಲ. ಸದ್ದು ನಿಲ್ಲುವವರೆಗೆ ಹೊಡೆಯಬೇಕಾಯಿತು.

ಆಮೇಲೆ ಅವನು ಗಾಡಿ ಕಟ್ಟಿಸಿದ. ರೆಡ್ಡೆಪ್ಪನನ್ನು ಕೋಲಾರದ ಆಸ್ಪತ್ರೆಗೆ ತಾನೇ ಕರೆದುಕೊಂಡು ಹೋಗುತ್ತೇನೆ ಎಂದ. ಕೈಕಾಲು ತೊಳೆದುಕೊಳ್ಳುವುದೂ ಮರೆತು ಜಗಲಿಯ ಹತ್ತಿರ ಬಂದ. ಏಳಪ್ಪಾ, ಗಾಡಿ ಹತ್ತು ನಾಯನಾ ಎಂದು ತೆಲುಗಿನಲ್ಲಿ ಹೇಳುತ್ತ, ಎಬ್ಬಿಸುವುದಕ್ಕೆ ಕೈ ಮುಂದೆ ಮಾಡಿದ.

ರೆಡ್ಡೆಪ್ಪ ಗೋಡೆಗೆ ಒತ್ತಿಕೊಂಡು, ಸರಿಯಿದ್ದ ಒಂದು ಕೈಯಿಂದ ತಲೆ ಮುಚ್ಚಿಕೊಂಡ. ಅವನ ಪಂಚೆ ಒದ್ದೆಯಾಗಿ ಉಚ್ಚೆ ಜಗಲಿಯ ಮೇಲೆ ಹರಿಯಿತು.

ಚಿಕ್ಕಗಂಗಮ್ಮ ಒಳಗಿನಿಂದ ಬಂದು ನೋಡಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಮೊದಲ ದಿನದ ಮರ್ಯಾದೆಯೇ ಇತ್ತು. "ಸ್ವಲ್ಪ ಆ ಕಡೆ ನಿಂತ್ಕೊಳಿ ಸ್ವಾಮಿ. ನಾನು ಹತ್ತಿಸ್ಕೊಂಡು ಹೋಗ್ತೀನಿ. ನಿಮ್ಮನ್ನ ಕಂಡ್ರೆ ಅವ್ನು ಹೆದರ್ತಾನೆ."

ಸುಬ್ಬರಾಯಪ್ಪ ಬೀದಿ ದಾಟಿ ತನ್ನ ಮನೆಯ ಗೋಡೆಯ ಪಕ್ಕ ಹೋಗಿ ನಿಂತ. ಗಾಡಿ ಹೊರಟು ತಿರುವು ದಾಟುವವರೆಗೂ ಅಲ್ಲೇ ನಿಂತಿದ್ದ.